ತಿಳಿದವನ ಋಣ

ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣಗಳುಂಟೆಂದು ನಮ್ಮ ಹಿರಿಯರು ಹೇಳಿದರು. ದೇವಋಣವನ್ನು ಯಜ್ಞದಿಂದ, ಪಿತೃಋಣವನ್ನು ಸಂತಾನದಿಂದ, ಋಷಿಋಣವನ್ನು ಅಧ್ಯಯನ ಅಧ್ಯಾಪನಗಳಿಂದ ತೀರಿಸಬೇಕೆಂಬುದು ಆ ಮಾತಿನ ತಾತ್ಪರ್ಯ. ಈ ಲೆಕ್ಕದಲ್ಲಿ ಶಾಲೆಯ ಉಪಾಧ್ಯಾಯನು ಪುಣ್ಯವಂತನೇ ಸರಿ. ಪಾಠ ಹೇಳುವುದೇ ಅವನ ವೃತ್ತಿಯಾದುದರಿಂದ, ಸಂಬಳ ಪಡೆಯುತ್ತಲೇ ಋಷಿಋಣವೂ ತೀರುತ್ತಿದೆಯೆಂದು ಅವನು ನೆಮ್ಮದಿಯಿಂದ ಇರಬಹುದು. ನಾನೂ ಹಲವು ವರ್ಷ ಹಾಗೆಯೇ ಇದ್ದೆನು. ಐದನೆಯ ತರಗತಿಯ ಒಬ್ಬ ಹುಡುಗನು ಆ ನೆಮ್ಮದಿಯನ್ನು ಕದಡಿದನು.

ನಾನಿರುವುದು ದಿಂಬಂ ಘಟ್ಟದ ಮೇಲಿನ ತಾಳವಾಡಿ ಸೀಮೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು, ಸುತ್ತಲೂ ಕಾಡು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಒಂದು ಬೆಳಗ್ಗೆ ನಾನು ಕಾಡಿನ ಪ್ರಯೋಜನಗಳನ್ನು ಕುರಿತು ಪಾಠ ಹೇಳುತ್ತಿದ್ದೆನು. ಮಳೆ, ನೆರಳು, ಸೌದೆ, ಔಷಧಿ ಎಂದು ಒಂದೊಂದಾಗಿ ಹಲಗೆಯ ಮೇಲೆ ಬರೆದು, ‘ಕಾಡು ನಮ್ಮೆಲ್ಲರ ಸಂಪತ್ತು’ ಎಂದು ಮುಗಿಸಿದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ಹುಡುಗನು ಎದ್ದು ನಿಂತನು. ಹಿಂದಿನ ರಾತ್ರಿ ಅವರ ಹೊಲಕ್ಕೆ ಆನೆಗಳು ನುಗ್ಗಿದ್ದ ಸಂಗತಿ ನನಗೆ ತಿಳಿದಿರಲಿಲ್ಲ. ಅವನು ಕೇಳಿದ್ದು ಇಷ್ಟೇ: “ಕಾಡು ನಮ್ಮೆಲ್ಲರ ಸಂಪತ್ತು ಅಂತೀರಿ ಸಾರ್. ನಮ್ಮ ರಾಗಿ ಯಾರ ಸಂಪತ್ತು?”

ತರಗತಿಯಲ್ಲಿ ಯಾರೂ ನಗಲಿಲ್ಲ. ನಾನು ಏನೋ ಹೇಳಿ ಅವನನ್ನು ಕೂರಿಸಿದೆನು. ಆದರೆ ಪ್ರಶ್ನೆ ಕೂರಲಿಲ್ಲ. ಕಾಡನ್ನೂ ಕಾಡಿನ ಜೀವಿಗಳನ್ನೂ ಉಳಿಸಬೇಕೆಂದು ಬೋಧಿಸುವವರು ಯಾರು, ಹಾಗೆ ಬೋಧಿಸುವ ಅಧಿಕಾರ ಅವರಿಗೆ ಎಲ್ಲಿಂದ ಬಂದಿತು, ಅದರ ಬೆಲೆಯನ್ನು ಯಾರು ತೆರಬೇಕು ಎಂಬ ಯೋಚನೆ ಹತ್ತಿತು. ಹಾಗೆ ಹುಡುಕುತ್ತ ಹೋದಾಗ ನನಗೆ ದೊರೆತುದು ಒಬ್ಬ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಜೀವನಕ್ರಮ. ಅಮೆರಿಕದ ಮೈಕೇಲ್ ಸುಲೇ ಎಂಬುವರು ಜೀವಿಗಳ ಉಳಿವನ್ನೇ ವಿಷಯವಾಗಿ ಉಳ್ಳ ‘ಸಂರಕ್ಷಣಾ ಜೀವಶಾಸ್ತ್ರ’ವೆಂಬ ವಿದ್ಯಾಶಾಖೆಯನ್ನು ಕಟ್ಟಿದವರಲ್ಲಿ ಮೊದಲಿಗರು. ಅವರ ವೃತ್ತಿಯ ಕತೆಯಲ್ಲಿ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಳಿದ ಅರ್ಧವು ಏಕೆ ಇಲ್ಲವೆಂಬುದನ್ನು ವಿಚಾರಿಸುವುದೂ ಈ ಬರಹದ ಉದ್ದೇಶವಾಗಿದೆ.

ಸುಲೇ ಅವರು 1936ರಲ್ಲಿ ಕ್ಯಾಲಿಫೋರ್ನಿಯಾ ಸೀಮೆಯ ಸ್ಯಾನ್ ಡಿಯೇಗೋ ನಗರದಲ್ಲಿ ಹುಟ್ಟಿದರು. ಸಮುದ್ರದ ದಡದ ಆ ಊರಿನಲ್ಲಿ ಮನೆಗಳ ಹಿಂದೆಯೇ ಆಳವಾದ ಕಣಿವೆಗಳು. ಕಣಿವೆಗಳ ತುಂಬ ಚಾಪರಾಲ್ ಎಂದು ಕರೆಯುವ ಒಣ ಕುರುಚಲು ಕಾಡು. ಹುಡುಗ ಸುಲೇಗೆ ಅದೇ ಆಟದ ಬಯಲು, ಅದೇ ಮೊದಲ ಪಾಠಶಾಲೆ. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಲ್ ಎರ್ಲಿಕ್ ಎಂಬ ಜೀವಶಾಸ್ತ್ರಜ್ಞರ ಬಳಿ ಅಧ್ಯಯನ ಮಾಡಿ 1964ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆಗ ತಾನೇ ಸ್ವತಂತ್ರವಾಗಿದ್ದ ಆಫ್ರಿಕದ ಮಲಾವಿ ದೇಶದ ಹೊಸ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಬೋಧಿಸಿ, ಬಳಿಕ ಹುಟ್ಟೂರಿಗೆ ಮರಳಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಅವರು ಮೊದಲು ಹಿಡಿದ ವಿಷಯ ಬಹಳ ಚಿಕ್ಕದು. ಕ್ಯಾಲಿಫೋರ್ನಿಯಾ ಕೊಲ್ಲಿಯ ದ್ವೀಪಗಳಲ್ಲಿ ಬಾಳುವ ಒಂದು ಜಾತಿಯ ಪುಟ್ಟ ಓತಿಗಳು. ಯಾವ ದ್ವೀಪದ ಓತಿ ಹೇಗಿದೆ, ಒಂದೇ ದ್ವೀಪದ ಓತಿಗಳೊಳಗೆ ಎಷ್ಟು ಭೇದವಿದೆ ಎಂದು ಅವರು ಅಳೆಯುತ್ತ ಹೋದರು. ಚಿಕ್ಕ ದ್ವೀಪಗಳ ಓತಿಗಳಲ್ಲಿ ಆನುವಂಶಿಕ ವೈವಿಧ್ಯ ಕಡಿಮೆ ಎಂಬುದು ಅವರಿಗೆ ಕಂಡುಬಂದಿತು. ಸಂಖ್ಯೆ ಅಲ್ಪವಾದಲ್ಲಿ ಬಂಧುಗಳೊಳಗೇ ಕೂಡಿಕೆ ನಡೆದು ತಲೆಮಾರಿನಿಂದ ತಲೆಮಾರಿಗೆ ವಂಶದ ಬಂಡವಾಳ ಕರಗುತ್ತದೆ. ರೋಗ ಬಂದರೆ, ಮಳೆ ತಪ್ಪಿದರೆ, ಅದನ್ನು ಎದುರಿಸುವ ಬಗೆ ಬಗೆಯ ಶಕ್ತಿಗಳು ಆ ಗುಂಪಿನಲ್ಲಿ ಉಳಿದಿರುವುದಿಲ್ಲ. ಓತಿಗಳ ಮಟ್ಟಿಗೆ ಇದೊಂದು ಸ್ವಾರಸ್ಯದ ಸಂಗತಿ. ಆದರೆ ಮನುಷ್ಯನು ರಸ್ತೆ, ಮನೆ, ಹೊಲಗಳಿಂದ ಕಾಡನ್ನು ತುಂಡು ತುಂಡು ಮಾಡುತ್ತಿರುವಾಗ ನೆಲದ ಮೇಲೆಯೇ ದ್ವೀಪಗಳು ಹುಟ್ಟುತ್ತಿಲ್ಲವೆ? ಸಮುದ್ರದ ದ್ವೀಪದ ಓತಿಗೆ ಆದದ್ದು ಕಾಡಿನ ದ್ವೀಪದ ಪ್ರಾಣಿಗೆ ಆಗದಿದ್ದೀತೆ? ಸುಲೇ ಅವರ ಶಾಂತವಾದ ವಿದ್ವತ್ತಿಗೆ ಅಶಾಂತಿ ಹತ್ತಿದುದು ಈ ಪ್ರಶ್ನೆಯಿಂದ.

ಆ ಅಶಾಂತಿಗೆ ಒಂದು ರೂಪ ಬಂದುದು ಆಸ್ಟ್ರೇಲಿಯದಲ್ಲಿ. ಅಲ್ಲಿ ಆಟೋ ಫ್ರಾಂಕೆಲ್ ಎಂಬ ಹಿರಿಯ ಸಸ್ಯವಿಜ್ಞಾನಿಯ ಒಡನಾಟ ಅವರಿಗೆ ದೊರೆಯಿತು. ಫ್ರಾಂಕೆಲ್ ಅವರು ಗೋದಿಯ ತಳಿಗಳಲ್ಲಿ ಕೆಲಸ ಮಾಡಿದವರು. ಹೊಸ ತಳಿಗಳು ಬಂದ ಹಾಗೆಲ್ಲ ರೈತರ ಹಳೆಯ ನಾಟಿ ಬೀಜಗಳು ಮರೆಯಾಗುವುದನ್ನು ಕಂಡು, ಇದನ್ನು ತಡೆಯುವುದು ನಮ್ಮ ಹೊಣೆಯೆಂದು 1970ರ ದಶಕದಲ್ಲಿ ಸಾರಿ ಹೇಳುತ್ತಿದ್ದರು. ಇಬ್ಬರೂ ಸೇರಿ ಸಂರಕ್ಷಣೆ ಮತ್ತು ವಿಕಾಸಗಳ ವಿಷಯವಾಗಿ ಬರೆದ ಗ್ರಂಥವು 1981ರಲ್ಲಿ ಪ್ರಕಟವಾಯಿತು.

ಈ ನಡುವೆ, 1978ರಲ್ಲಿ, ಸುಲೇ ಅವರು ಸ್ಯಾನ್ ಡಿಯೇಗೋದಲ್ಲಿ ಒಂದು ಸಮ್ಮೇಳನವನ್ನು ಕೂಡಿಸಿದರು. ವಂಶವಾಹಿಗಳನ್ನು ಬಲ್ಲವರು, ಅರಣ್ಯವನ್ನು ಬಲ್ಲವರು, ಮೃಗಾಲಯಗಳಲ್ಲಿ ದುಡಿಯುವವರು ತಮ್ಮ ತಮ್ಮ ಕೋಣೆಗಳಲ್ಲಿ ಪ್ರತ್ಯೇಕವಾಗಿದ್ದ ಕಾಲ ಅದು. ಅವರನ್ನು ಒಂದೆಡೆ ಕೂರಿಸಿ, ಅಳಿವಿನ ವಿಷಯದಲ್ಲಿ ನಿಮಗೆ ಏನು ಗೊತ್ತು, ಅದರಿಂದ ಏನು ಮಾಡಬಹುದು ಎಂದು ಕೇಳಿದುದೇ ಆ ಸಭೆಯ ವಿಶೇಷ. ಅಲ್ಲಿಂದ ಹೊಮ್ಮಿದ ಗ್ರಂಥವು 1980ರಲ್ಲಿ ಹೊರಬಂದಿತು.

ಅದರಲ್ಲಿಯೇ ಮುಂದೆ ಜಗತ್ತೆಲ್ಲ ಚರ್ಚಿಸಿದ ಒಂದು ಲೆಕ್ಕ ಕಾಣಿಸಿಕೊಂಡಿತು. ಜಾನುವಾರುಗಳ ತಳಿ ಬೆಳೆಸುವವರ ಅನುಭವದಂತೆ, ತಲೆಮಾರಿಗೆ ನೂರಕ್ಕೆ ಒಂದರಷ್ಟು ಒಳಸಂತಾನದ ಏರಿಕೆಯನ್ನು ಒಂದು ಹಿಂಡು ತಾಳಿಕೊಳ್ಳಬಲ್ಲುದು. ಒಂದು ತಲೆಮಾರಿನಲ್ಲಿ ಆಗುವ ಏರಿಕೆಯು ಸುಮಾರಾಗಿ, ಒಂದನ್ನು ಹಿಂಡಿನ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದಷ್ಟು. ಸಂತಾನ ಪಡೆಯುವ ಪ್ರಾಣಿಗಳು 50 ಇದ್ದರೆ ಒಂದು ಭಾಗಿಸು ನೂರು, ಎಂದರೆ ಶೇಕಡ ಒಂದು. ಆದುದರಿಂದ ಸದ್ಯಕ್ಕೆ ಉಳಿಯಬೇಕಾದರೆ ಕನಿಷ್ಠ 50 ಎಂದು ಸುಲೇ ಮತ್ತು ಆಸ್ಟ್ರೇಲಿಯದ ಇಯಾನ್ ಫ್ರಾಂಕ್ಲಿನ್ ಅವರು ಹೇಳಿದರು; ದೀರ್ಘಕಾಲದ ಬಾಳಿಗೆ 500 ಬೇಕೆಂದು ಫ್ರಾಂಕ್ಲಿನ್ ಅಂದಾಜು ಮಾಡಿದರು. ನಮ್ಮ ಮೇಲಿನ ತರಗತಿಯ ಮಕ್ಕಳೂ ಮಾಡಬಹುದಾದ ಗಣಿತವಿದು. ಇದು ಒರಟು ಅಂದಾಜು ಎಂಬುದು ಮಾಡಿದವರಿಗೇ ತಿಳಿದಿತ್ತು. 2014ರಲ್ಲಿ ಬೇರೆ ವಿದ್ವಾಂಸರು ಈ ಸಂಖ್ಯೆಗಳು ಸಾಲವು, 100 ಮತ್ತು 1000 ಎಂದು ಇಮ್ಮಡಿಸಬೇಕು ಎಂದು ವಾದಿಸಿದರು.

ಇಲ್ಲಿ ಮೊದಲನೆಯ ನೈತಿಕ ಪ್ರಶ್ನೆ ಏಳುತ್ತದೆ. ಪೂರ್ಣವಾಗಿ ತಿಳಿಯದೆ ಮಾತನಾಡುವುದು ವಿದ್ವಾಂಸನಿಗೆ ಸಲ್ಲುವುದೆ? ‘ಇನ್ನೂ ಪರಿಶೀಲಿಸಬೇಕು’ ಎಂಬುದು ಶಾಸ್ತ್ರಜ್ಞನ ಅಲಂಕಾರ. ಆದರೆ ಅಳಿವಿನ ಅಂಚಿನಲ್ಲಿರುವ ಜೀವಿಯು ಪರಿಶೀಲನೆ ಮುಗಿಯುವವರೆಗೆ ಕಾದಿರುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಗೃಧ್ರದ ಸಂಗತಿಯನ್ನು ನೋಡಿರಿ. 1987ರಲ್ಲಿ ಅದರ ಸಂಖ್ಯೆ ಕೇವಲ 27. ಕಾಡಿನಲ್ಲಿ ಉಳಿದಿದ್ದ ಕೊನೆಯ ಹಕ್ಕಿಯನ್ನೂ ಆ ವರ್ಷ ಹಿಡಿದು ತಂದರು. ಪಂಜರದಲ್ಲಿ ಬಾಳುವುದಕ್ಕಿಂತ ಗೌರವದಿಂದ ಆಕಾಶದಲ್ಲಿ ಸಾಯುವುದು ಲೇಸು ಎಂದವರೂ ಇದ್ದರು. ಲೆಕ್ಕದ ಪ್ರಕಾರ ಅದು ಐವತ್ತಕ್ಕಿಂತ ಕೆಳಗಿನ ಸಂಖ್ಯೆ. ಆದರೂ ಸಾಕಿ ಬೆಳೆಸಿ 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಬಾನಿನಲ್ಲಿ ಹಾರುವವೂ ಸಾಕಿಕೊಂಡಿರುವವೂ ಸೇರಿ ಅವುಗಳ ಸಂಖ್ಯೆ ಈಗ ಐನೂರನ್ನು ದಾಟಿದೆ. ಅರೆ ತಿಳಿವಿನಿಂದ ಕೈಹಾಕಿದವರು ತಪ್ಪಬಹುದಾಗಿತ್ತು. ಕೈಕಟ್ಟಿ ಕುಳಿತಿದ್ದರೆ ತಪ್ಪುವುದು ನಿಶ್ಚಯವಾಗಿತ್ತು.

ಇದೇ ಮಾತನ್ನು ಸುಲೇ ಅವರು 1985ರಲ್ಲಿ ಒಂದು ಪ್ರಬಂಧದಲ್ಲಿ ತತ್ತ್ವವಾಗಿ ನಿರೂಪಿಸಿದರು. ಶರೀರಶಾಸ್ತ್ರಕ್ಕೂ ಶಸ್ತ್ರವೈದ್ಯಕ್ಕೂ ಇರುವ ಸಂಬಂಧವೇ ಜೀವಶಾಸ್ತ್ರಕ್ಕೂ ಸಂರಕ್ಷಣಾಶಾಸ್ತ್ರಕ್ಕೂ ಇದೆ ಎಂಬುದು ಅವರ ಹೋಲಿಕೆ. ರಕ್ತ ಸುರಿಯುತ್ತಿರುವಾಗ ವೈದ್ಯನು ಗ್ರಂಥವನ್ನು ಮುಗಿಸಿ ಬರುತ್ತೇನೆ ಎನ್ನಲಾರ. ಆ ಪ್ರಬಂಧದಲ್ಲಿ ಇನ್ನೂ ಒಂದು ದಿಟ್ಟತನವಿತ್ತು. ಜೀವಿಗಳ ವೈವಿಧ್ಯ ಒಳ್ಳೆಯದು, ಜೀವಿಗಳೊಳಗಿನ ಸಂಬಂಧಗಳ ಸಂಕೀರ್ಣತೆ ಒಳ್ಳೆಯದು, ವಿಕಾಸವು ಒಳ್ಳೆಯದು, ಜೀವವೈವಿಧ್ಯಕ್ಕೆ, ನಮಗೆ ಉಪಯೋಗವಿರಲಿ ಇಲ್ಲದಿರಲಿ, ತನ್ನದೇ ಆದ ಬೆಲೆಯುಂಟು. ಈ ನಾಲ್ಕನ್ನು ತಮ್ಮ ಶಾಸ್ತ್ರದ ನೈತಿಕ ಆಧಾರಗಳೆಂದು ಅವರು ಬರೆದರು. ಇವುಗಳನ್ನು ಪ್ರಯೋಗದಿಂದ ಸಿದ್ಧಮಾಡಲಾಗದೆಂದೂ ಒಪ್ಪಿಕೊಂಡರು. ಅದೇ ವರ್ಷ ಮಿಷಿಗನ್ ಸೀಮೆಯ ಆನ್ ಆರ್ಬರ್ ಎಂಬಲ್ಲಿ ಸಂರಕ್ಷಣಾ ಜೀವಶಾಸ್ತ್ರಜ್ಞರ ಸಂಘವು ಹುಟ್ಟಿತು. ಸುಲೇ ಅದರ ಮೊದಲ ಅಧ್ಯಕ್ಷರಾದರು. 1987ರಲ್ಲಿ ಸಂಘದ ಪತ್ರಿಕೆ ಹೊರಟಿತು.

ವಿಜ್ಞಾನಿಯು ‘ಇದೆ’, ‘ಇಲ್ಲ’ ಎನ್ನಬೇಕೇ ಹೊರತು ‘ಒಳ್ಳೆಯದು’, ‘ಕೆಟ್ಟದ್ದು’ ಎನ್ನಬಾರದೆಂದು ಆಕ್ಷೇಪಿಸುವವರುಂಟು. ನಿಷ್ಪಕ್ಷಪಾತವು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಕ್ಕಡಿ ಹಿಡಿದವನಿಗೆ ಆ ಗುಣ ಬೇಕಾದುದು ತೂಗುವಾಗ. ಏನನ್ನು ತೂಗಬೇಕೆಂದು ಆರಿಸಿಕೊಳ್ಳುವಾಗ ಯಾವನೂ ನಿಷ್ಪಕ್ಷಪಾತಿಯಲ್ಲ. ವೈದ್ಯನು ಆರೋಗ್ಯದ ಪಕ್ಷದವನು, ಉಪಾಧ್ಯಾಯನು ಅಕ್ಷರದ ಪಕ್ಷದವನು. ತನ್ನ ಪಕ್ಷವನ್ನು ಮುಚ್ಚಿಟ್ಟುಕೊಂಡು ಮಾತನಾಡುವವನಿಗಿಂತ, ‘ನನ್ನ ನಂಬಿಕೆ ಇದು, ಇದರ ಮೇಲೆ ನನ್ನನ್ನು ಪ್ರಶ್ನಿಸಿರಿ’ ಎಂದು ಎದುರಿಗಿಡುವವನು ಹೆಚ್ಚು ಪ್ರಾಮಾಣಿಕ. ಬಹಿರಂಗವಾಗಿ ಹೇಳಿದ ನಂಬಿಕೆಗೆ ಉತ್ತರ ಕೊಡಬೇಕಾದ ಹೊಣೆಯೂ ಅಂಟಿಕೊಳ್ಳುತ್ತದೆ. ನಮ್ಮ ಹುಡುಗನು ‘ನಮ್ಮ ರಾಗಿ?’ ಎಂದು ಕೇಳಲು ಸಾಧ್ಯವಾದುದು, ನಾನು ಒಂದನ್ನು ಸಂಪತ್ತೆಂದು ಬಾಯಿಬಿಟ್ಟು ಹೇಳಿದ್ದರಿಂದ.

ಸುಲೇ ಅವರ ಜೀವನದಲ್ಲಿ ಮತ್ತೊಂದು ಸಂಗತಿಯುಂಟು. 1970ರ ದಶಕದ ಕೊನೆಗೆ, ವಿಶ್ವವಿದ್ಯಾನಿಲಯದಲ್ಲಿ ಭದ್ರವಾಗಿದ್ದ ತಮ್ಮ ಸ್ಥಾನವನ್ನು ಅವರು ಬಿಟ್ಟುಕೊಟ್ಟರು. ಲಾಸ್ ಏಂಜಲಿಸ್ ನಗರದ ಒಂದು ಝೆನ್ ಬೌದ್ಧ ಕೇಂದ್ರಕ್ಕೆ ಹೋಗಿ ಕೆಲವು ವರ್ಷ ಅಲ್ಲಿಯೇ ಬಾಳಿದರು. ಸಂರಕ್ಷಣೆಯ ಬರವಣಿಗೆಯನ್ನು ಅಲ್ಲಿಂದಲೂ ಬಿಡಲಿಲ್ಲ. ಬಳಿಕ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿಯೂ, 1989ರಿಂದ 1996ರವರೆಗೆ ಸ್ಯಾಂಟ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಪ್ರಾಧ್ಯಾಪಕರಾದರು. ಖಾಯಂ ನೌಕರಿಯನ್ನು ಬಿಡುವುದೆಂದರೆ ಏನೆಂಬುದು ಅರ್ಜಿ ಹಾಕಿ ಹಾಕಿ ನೌಕರಿ ಪಡೆದ ನಮ್ಮಂತಹವರಿಗೆ ಚೆನ್ನಾಗಿ ತಿಳಿದಿದೆ. ತಾನು ನಂಬಿದ್ದಕ್ಕೆ ತನ್ನ ಗಂಟಿನಿಂದಲೇ ತೆತ್ತವರ ಮಾತಿಗೆ ತೂಕ ಹೆಚ್ಚು.

ಅವರ ಅತ್ಯಂತ ಸುಂದರವಾದ ಸಂಶೋಧನೆ ಬಾಲ್ಯದ ಕಣಿವೆಗಳಲ್ಲಿಯೇ ನಡೆಯಿತು. ಸ್ಯಾನ್ ಡಿಯೇಗೋ ಬೆಳೆದಂತೆ ಮೇಲಿನ ದಿಬ್ಬಗಳೆಲ್ಲ ಮನೆಗಳಾಗಿ, ಕಣಿವೆಗಳು ನಗರದ ನಡುವಿನ ದ್ವೀಪಗಳಾಗಿದ್ದವು. ಸುಲೇ ಮತ್ತು ಸಂಗಡಿಗರು ಅಂತಹ 37 ಕಣಿವೆಗಳನ್ನು ಹೊಕ್ಕು, ಕುರುಚಲು ಕಾಡನ್ನೇ ನಂಬಿದ ಹಕ್ಕಿಗಳಲ್ಲಿ ಯಾವುವು ಉಳಿದಿವೆ ಎಂದು ಎಣಿಸಿ 1988ರಲ್ಲಿ ಪ್ರಕಟಿಸಿದರು. ಕಣಿವೆ ಚಿಕ್ಕದಾದಷ್ಟೂ, ಅದು ಬೇರ್ಪಟ್ಟು ಹೆಚ್ಚು ವರ್ಷಗಳಾದಷ್ಟೂ, ಹಕ್ಕಿಗಳ ಜಾತಿಗಳು ಕಡಿಮೆ. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಕಂಡದ್ದು ಕಯೋಟಿಯ ಪಾತ್ರ. ಕಯೋಟಿ ಎಂಬುದು ನಮ್ಮ ನರಿಯನ್ನು ಹೋಲುವ, ಅದಕ್ಕಿಂತ ದೊಡ್ಡದಾದ ಪ್ರಾಣಿ. ಅದು ತಿರುಗಾಡುವ ಕಣಿವೆಗಳಲ್ಲಿ ಹಕ್ಕಿಗಳು ಹೆಚ್ಚಾಗಿ ಉಳಿದಿದ್ದವು! ಬೇಟೆಗಾರ ಪ್ರಾಣಿ ಇರುವಲ್ಲಿ ಬೇಟೆ ಹೆಚ್ಚುವುದೆಂದರೆ ಹೇಗೆ?

ಉತ್ತರವು ಮನೆಯ ಹೊಸ್ತಿಲಲ್ಲಿಯೇ ಇತ್ತು. ಕಯೋಟಿಯು ಸಾಕುಬೆಕ್ಕುಗಳನ್ನು ಹಿಡಿಯುತ್ತದೆ. ಅದರ ಭಯದಿಂದ ಬೆಕ್ಕುಗಳು ಕಣಿವೆಗೆ ಇಳಿಯವು. ಕಯೋಟಿ ಇಲ್ಲವಾದಲ್ಲಿ ಬೆಕ್ಕುಗಳದೇ ರಾಜ್ಯ. ಸುಲೇ ಅವರೂ ಕೆವಿನ್ ಕ್ರೂಕ್ಸ್ ಅವರೂ 1999ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು ನೂರು ಮನೆಗಳು ಸುತ್ತುವರಿದ ಒಂದು ಕಣಿವೆಯಿಂದ ಬೆಕ್ಕುಗಳು ವರ್ಷಕ್ಕೆ ಐನೂರಕ್ಕೂ ಮೇಲ್ಪಟ್ಟು ಹಕ್ಕಿಗಳನ್ನು ಮನೆಗೆ ಕಚ್ಚಿ ತರುತ್ತಿದ್ದವು. ದೊಡ್ಡ ಬೇಟೆಗಾರನು ಹೋದೊಡನೆ ಸಣ್ಣ ಬೇಟೆಗಾರರು ಮೆರೆಯುತ್ತಾರೆ. ಅವರಿಂದ ಇನ್ನೂ ಸಣ್ಣವರು ನಾಶವಾಗುತ್ತಾರೆ. ಒಂದು ಕೊಂಡಿ ಕಳಚಿದರೆ ಸರಪಣಿ ಎಲ್ಲಿ ತುಂಡಾಗುವುದೆಂದು ಮೊದಲೇ ಹೇಳಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಬೇರೆ ಗೊತ್ತಿಲ್ಲ.

ಆ ಊರಿನ ಬೆಕ್ಕಿನ ಒಡೆಯರನ್ನು ಈಗ ನೆನೆಯೋಣ. ಕಯೋಟಿಯು ಬೆಕ್ಕನ್ನು ಕೊಂದರೆ ಮನೆಯ ಮಗು ಅಳುತ್ತದೆ. ಆ ಅಳುವೂ ನಿಜವೇ. ಆದರೆ ಅದಕ್ಕೆ ಪರಿಹಾರವು ಬೆಕ್ಕನ್ನು ಮನೆಯೊಳಗೆ ಇಟ್ಟುಕೊಳ್ಳುವುದು, ಅಷ್ಟೇ. ಹಕ್ಕಿಯ ಹಾಡನ್ನು ಕೇಳುವವರೂ, ಅದಕ್ಕಾಗಿ ಬೆಕ್ಕನ್ನು ಕಟ್ಟಿಹಾಕುವವರೂ ಒಂದೇ ಬೀದಿಯವರು. ಲಾಭ ನಷ್ಟಗಳೆರಡೂ ಒಂದೇ ಅಂಗಳದಲ್ಲಿ ಇರುವಾಗ ಧರ್ಮನಿರ್ಣಯ ಸುಲಭ.

ಅದೇ ತತ್ತ್ವವು ಕಣಿವೆಯನ್ನು ಬಿಟ್ಟು ದೇಶದಷ್ಟು ಹರವಿಗೆ ಬಂದಾಗ ಕಷ್ಟ ಪ್ರಾರಂಭವಾಗುತ್ತದೆ. 1991ರಲ್ಲಿ ಸುಲೇ ಅವರು ಇತರರೊಡನೆ ಕೂಡಿ ಒಂದು ಮಹಾಯೋಜನೆಯನ್ನು ಪ್ರಾರಂಭಿಸಿದರು. ಉತ್ತರ ಅಮೆರಿಕದ ಕಾಡುಗಳನ್ನು ದ್ವೀಪಗಳಾಗಲು ಬಿಡದೆ ಒಂದಕ್ಕೊಂದು ಜೋಡಿಸಬೇಕೆಂಬುದು ಅದರ ಗುರಿ. ವಿಶಾಲವಾದ ನಡುಗಾಡು, ಕಾಡಿನಿಂದ ಕಾಡಿಗೆ ಹಾದಿ, ಆ ಹಾದಿಯಲ್ಲಿ ನಡೆದಾಡುವ ತೋಳ ಮೊದಲಾದ ದೊಡ್ಡ ಬೇಟೆಪ್ರಾಣಿಗಳು, ಈ ಮೂರೂ ಕೂಡಿದರೆ ನಾಡು ಮತ್ತೆ ಕಾಡಾದೀತೆಂದು 1998ರಲ್ಲಿ ಅವರೂ ರೀಡ್ ನಾಸ್ ಎಂಬುವರೂ ಬರೆದರು. ಶಾಸ್ತ್ರದ ದೃಷ್ಟಿಯಿಂದ ಇದು ಸಾಧುವಾದ ಮಾತು. ಓತಿಗಳೂ ಕಯೋಟಿಗಳೂ ಕಲಿಸಿದುದು ಇದನ್ನೇ. ನಮ್ಮ ಸೀಮೆಯಲ್ಲಿ ‘ಆನೆದಾರಿ’ಯ ಮಾತು ಬಂದಾಗ ಅದರ ಹಿಂದೆ ಇರುವುದೂ ಇದೇ ವಿಚಾರ. ಆದರೆ ಆ ದಾರಿಯ ಪಕ್ಕದಲ್ಲಿ ರಾಗಿ ಬಿತ್ತಿದವನು ಯಾರು? ಆನೆಯನ್ನು ಚಿತ್ರದಲ್ಲಿ ನೋಡಿ ಸಂತೋಷಪಡುವ ನಗರವಾಸಿಯೂ, ಅಟ್ಟಣೆಯ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟು ತಮಟೆ ಬಡಿಯುವ ರೈತನೂ ಒಂದೇ ಬೀದಿಯವರಲ್ಲ.

ಈ ಪ್ರಶ್ನೆಯನ್ನು 1989ರಷ್ಟು ಹಿಂದೆಯೇ ಎತ್ತಿದವರು, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಾಮಚಂದ್ರ ಗುಹಾ ಅವರು. ಮನುಷ್ಯನ ಸುಳಿವಿಲ್ಲದ ಕಾಡೇ ಪರಮಶ್ರೇಷ್ಠವೆಂಬ ಅಮೆರಿಕದ ಭಾವನೆಯನ್ನು ಭಾರತದಂತಹ, ಜನರು ತಲೆತಲಾಂತರದಿಂದ ಕಾಡಿನೊಡನೆ ಬಾಳಿದ ದೇಶಕ್ಕೆ ತಂದರೆ, ಬಡವರ ಕೈಯಲ್ಲಿದ್ದುದನ್ನು ಕಿತ್ತು ಉಳ್ಳವರಿಗೆ ಕೊಟ್ಟಂತೆ ಆಗುತ್ತದೆಯೆಂಬುದು ಅವರ ವಾದ. 1973ರಲ್ಲಿ ಬಂಡೀಪುರವೇ ಮೊದಲಾದ ಒಂಬತ್ತು ಕಾಡುಗಳಲ್ಲಿ ಆರಂಭವಾದ ಹುಲಿಯೋಜನೆಯನ್ನೂ ಈ ದೃಷ್ಟಿಯಿಂದ ಅವರು ಪರೀಕ್ಷಿಸಿದರು. ಸಂರಕ್ಷಣಾಶಾಸ್ತ್ರದ ಒಳಗೇ ಇಂತಹ ದನಿ 2012ರಲ್ಲಿ ಎದ್ದಿತು. ಪೀಟರ್ ಕರೈವಾ ಮತ್ತು ಮಿಷೆಲ್ ಮಾರ್ವಿಯರ್ ಎಂಬ ವಿದ್ವಾಂಸರು, ಮನುಷ್ಯರ ಕ್ಷೇಮವನ್ನೂ ಮುಂದಿಟ್ಟುಕೊಳ್ಳದ ಸಂರಕ್ಷಣೆ ನಿಲ್ಲಲಾರದೆಂದು, ಸುಲೇ ಅವರ 1985ರ ಪ್ರಬಂಧಕ್ಕೆ ಸರಿಗಟ್ಟಿಯೇ ಇನ್ನೊಂದನ್ನು ಬರೆದರು. ಮುಪ್ಪಿನಲ್ಲಿದ್ದ ಸುಲೇ 2013ರಲ್ಲಿ ಖಾರವಾಗಿ ಪ್ರತಿಭಟಿಸಿದರು. ಮನುಷ್ಯನ ಅನುಕೂಲವನ್ನೇ ಅಳತೆಗೋಲು ಮಾಡಿಕೊಂಡರೆ, ಅನುಕೂಲವಿಲ್ಲದ ಜೀವಿಗಳ ಪರವಾಗಿ ಮಾತನಾಡುವವರು ಯಾರು ಎಂಬುದು ಅವರ ಅಳಲು.

ಇವರಲ್ಲಿ ಯಾರು ಸರಿ? ಬಹುಕಾಲ ಯೋಚಿಸಿಯೂ ನಾನು ಒಬ್ಬರನ್ನು ತಳ್ಳಿಹಾಕಲಾರೆನು. ಓತಿಗೆ ಓತಿಯಾಗಿ ಬಾಳುವ ಹಕ್ಕು ನಮ್ಮ ಉಪಯೋಗದಿಂದ ಬಂದುದಲ್ಲವೆಂಬ ಸುಲೇ ಅವರ ಮಾತು ನನಗೆ ಸತ್ಯವಾಗಿ ಕಾಣುತ್ತದೆ. ಹಾಗೆಯೇ, ಒಬ್ಬನ ಸದ್ಭಾವನೆಯ ಬೆಲೆಯನ್ನು ಇನ್ನೊಬ್ಬನ ಕಣಜದಿಂದ ವಸೂಲು ಮಾಡುವುದು ಅನ್ಯಾಯವೆಂಬುದೂ ಅಷ್ಟೇ ಸತ್ಯ. ತಿಳಿದವನಿಗೆ ಋಣವುಂಟು, ಆದರೆ ಆ ಋಣವನ್ನು ಅವನು ತನ್ನ ಗಂಟಿನಿಂದ ತೀರಿಸಬೇಕು. ನೆರೆಯವನ ಹೊಲವನ್ನು ದಾನಮಾಡಿ ಪುಣ್ಯ ಕಟ್ಟಿಕೊಳ್ಳುವುದು ಯಾವ ಧರ್ಮಶಾಸ್ತ್ರದಲ್ಲಿಯೂ ದಾನವಲ್ಲ. ಸುಲೇ ತಮ್ಮ ಸ್ಥಾನವನ್ನು ಬಿಟ್ಟಾಗ ತಮ್ಮದನ್ನೇ ಬಿಟ್ಟರು. ಅವರ ಶಾಸ್ತ್ರವು ಊರೂರಿಗೆ ಹಬ್ಬಿದಾಗ ಆ ಎಚ್ಚರವು ಎಲ್ಲ ಕಡೆಯೂ ಉಳಿಯಲಿಲ್ಲ.

ಎಚ್ಚರದಿಂದ ನಡೆದರೆ ಹೇಗಿರಬಹುದೆಂಬುದಕ್ಕೆ ನಮಗೆ ಸಮೀಪದಲ್ಲಿಯೇ ಉದಾಹರಣೆಯಿದೆ. ತಾಳವಾಡಿಯ ಉತ್ತರಕ್ಕೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಸೋಲಿಗರ ಪೋಡುಗಳಿವೆ. ನಮ್ಮ ಬೆಟ್ಟಗಳಲ್ಲಿಯೂ ಅವರ ಬಂಧುಗಳಿದ್ದಾರೆ. 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಮೇಲೆ ಸೋಲಿಗರು ಹಿಂದಿನಿಂದ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತಿತು. ತರಗು ಬೆಂಕಿಯೆಂದರೆ ಬೇಸಗೆಯ ಮೊದಲಲ್ಲಿ ಒಣಗಿದ ತರಗೆಲೆಯನ್ನು ಮಾತ್ರ ಸುಡುವ ಸಣ್ಣ ಉರಿ. ಅದು ನಿಂತ ಮೇಲೆ ಲಂಟಾನ ಪೊದೆ ಕಾಡನ್ನು ಮುಚ್ಚಿತು, ಬೆಟ್ಟದ ನೆಲ್ಲಿಮರಗಳಿಗೆ ‘ಉಪ್ಪಿಲು’ ಎಂಬ ಬದನಿಕೆ ಹತ್ತಿಕೊಂಡಿತು ಎಂದು ಸೋಲಿಗ ಹಿರಿಯರು ಹೇಳುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಮಲ್‌ಜಿತ್ ಬಾವಾ ಅವರು 1996ರಲ್ಲಿ ಬೆಂಗಳೂರಿನಲ್ಲಿ ಏಟ್ರೀ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಅವರೂ ಅವರ ಸಂಗಡಿಗರೂ ಈ ಬೆಟ್ಟದಲ್ಲಿ ಸೋಲಿಗರೊಡನೆಯೇ ಕುಳಿತು, ನೆಲ್ಲಿಯ ಫಸಲು ಎಷ್ಟು, ಕೊಯ್ದುದು ಎಷ್ಟು, ಮರಕ್ಕೆ ಉಳಿದುದು ಎಷ್ಟು ಎಂದು ಲೆಕ್ಕವಿಡುವ ಕ್ರಮವನ್ನು ಬೆಳೆಸಿದರು. ಉಪ್ಪಿಲಿನ ವಿಷಯವಾಗಿ ಹಿರಿಯರು ಹೇಳಿದ ಮಾತೂ ಸಂಶೋಧನೆಯ ವಿಷಯವಾಯಿತು.

2011ರ ಆರಂಭದಲ್ಲಿ ಆ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಅಲ್ಲಿನ ಸೋಲಿಗರ ಸಾಮುದಾಯಿಕ ಹಕ್ಕುಗಳು ಮನ್ನಣೆ ಪಡೆದವು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೀಗಾದುದು ದೇಶದಲ್ಲಿಯೇ ಮೊದಲು. ಅಲ್ಲಿಗೆ ತೊಡಕುಗಳೆಲ್ಲ ತೀರಿದುವೆಂದು ನಾನು ಹೇಳುವುದಿಲ್ಲ. ಆದರೆ ಇದರಿಂದ ಒಂದು ಮಾತು ಸ್ಪಷ್ಟವಾಯಿತು. ‘ತಿಳಿದವನು’ ಎಂದಾಗ ನಾವು ಪ್ರಾಧ್ಯಾಪಕನನ್ನು ಮಾತ್ರ ನೆನೆಯುತ್ತೇವೆ. ನೆಲ್ಲಿಮರದ ಕೆಳಗೆ ಬಾಳಿದವನೂ ತಿಳಿದವನೇ. ಪ್ರಾಧ್ಯಾಪಕನ ತಿಳಿವು ಅವನ ತಿಳಿವಿನ ಎದುರು ಕುಳಿತು ಕೇಳಿಸಿಕೊಂಡರೆ, ಋಣದ ಭಾರವನ್ನು ಹಂಚಿಕೊಳ್ಳುವ ಬಗೆಯೂ ಕಾಣಬಹುದು.

ಸುಲೇ ಅವರು 2020ರ ಜೂನ್ ತಿಂಗಳಲ್ಲಿ ಕೊಲರಾಡೋ ಸೀಮೆಯಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಶಾಸ್ತ್ರವನ್ನು ಇಂದು ಜಗತ್ತಿನ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಬೋಧಿಸುತ್ತಾರೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೂ ಅವರಿಗೂ ಅಂತರ ಬಹಳ. ಆದರೆ ಋಣದ ವಿಷಯದಲ್ಲಿ ಅಂತರವಿಲ್ಲ. ನಮ್ಮ ತಿಳಿವು ಚಿಕ್ಕದಾದರೆ ಋಣವೂ ಚಿಕ್ಕದು, ಇಲ್ಲವೆನ್ನುವಂತಿಲ್ಲ.

ನನ್ನ ಮಟ್ಟಿಗೆ ಅದು ಎಷ್ಟು ಚಿಕ್ಕದೆಂದರೆ, ಎರಡು ಹಾಳೆಯಷ್ಟು. ಆ ಹುಡುಗನ ತಂದೆಗೆ ಕನ್ನಡ ಓದಲು ಬರುತ್ತದೆ, ತಮಿಳು ಬರೆಯಲು ಬಾರದು. ಬೆಳೆನಷ್ಟದ ಪರಿಹಾರಕ್ಕೆ ಅರ್ಜಿ ತಮಿಳಿನಲ್ಲಿರಬೇಕು. ನನಗೆ ಎರಡೂ ಬರುತ್ತವೆ. ಆನೆಯ ವಿಷಯವಾಗಿ ನಾನು ಓದಿದ್ದಕ್ಕಿಂತ, ಆ ಮನೆಗೆ ಅಂದು ಬೇಕಾಗಿದ್ದುದು ನನಗೆ ತಿಳಿದಿದ್ದ ಈ ಸಾಮಾನ್ಯ ವಿದ್ಯೆ. ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತು, ಎಷ್ಟು ಗುಂಟೆ, ಯಾವ ತಾರೀಖು ಎಂದು ಕೇಳಿ ಕೇಳಿ ಅರ್ಜಿ ಬರೆದುಕೊಟ್ಟೆನು. ಹುಡುಗನು ದೀಪ ಹಿಡಿದಿದ್ದನು. ಅದನ್ನು ಬರೆದ ಮೇಲಷ್ಟೇ ಕಾಡಿನ ಪಾಠವನ್ನು ಮತ್ತೊಮ್ಮೆ ಹೇಳಲು ನನಗೆ ಬಾಯಿ ಬಂದಿತು.

ಮರುವಾರ ಪಾಠವನ್ನು ಬೇರೆ ರೀತಿಯಲ್ಲಿ ಹೇಳಿದೆನು. ಓತಿಯ ದ್ವೀಪವನ್ನೂ ಕಯೋಟಿಯ ಕಣಿವೆಯನ್ನೂ ಹಲಗೆಯ ಮೇಲೆ ಬರೆದು ತೋರಿಸಿದೆನು. ಆನೆಗೆ ದಾರಿ ಬೇಕು, ಇಲ್ಲವಾದರೆ ಅದರ ವಂಶ ಸೊರಗುತ್ತದೆ, ನಿಮ್ಮ ಅಪ್ಪನಿಗೆ ಫಸಲು ಬೇಕು, ಇಲ್ಲವಾದರೆ ನಿಮ್ಮ ಮನೆ ಸೊರಗುತ್ತದೆ, ಎರಡೂ ನಿಜ, ಯಾರು ಎಷ್ಟು ತೆರಬೇಕೆಂಬ ಲೆಕ್ಕವನ್ನು ದೊಡ್ಡವರು ಇನ್ನೂ ಸರಿಯಾಗಿ ಮಾಡಿಲ್ಲ ಎಂದು ಒಪ್ಪಿಕೊಂಡೆನು. ‘ಕಾಡು ನಮ್ಮೆಲ್ಲರ ಸಂಪತ್ತು’ ಎಂಬ ವಾಕ್ಯವನ್ನು ಈ ಸಲವೂ ಬರೆದೆನು. ಅದರ ಕೆಳಗೆ, ‘ಹಾಗಾದರೆ ಅದರ ಖರ್ಚೂ ನಮ್ಮೆಲ್ಲರದು’ ಎಂದು ಇನ್ನೊಂದು ಸಾಲನ್ನು ಸೇರಿಸಿದೆನು.

ಹುಡುಗನು ಎರಡು ಸಾಲನ್ನೂ ಬರೆದು ಮುಗಿಸಿ, ತಲೆಯೆತ್ತಿ ಕೇಳಿದನು: “ಆ ಲೆಕ್ಕ ಯಾವಾಗ ಮಾಡ್ತಾರೆ ಸಾರ್?” ಅವನ ಎರಡನೆಯ ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಈ ಸಲ ಅವನನ್ನು ಕೂರಿಸುವ ಅವಸರ ನನಗಿರಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆನು. ಅಂದು ಅದನ್ನು ಅಳಿಸಲಿಲ್ಲ.